ನೀರು ಬದಲಾಯಿಸಿದ್ಮೇಲೆ ಮೀನು ಒದ್ದಾಡ್ತಿದ್ರೆ ಏನ್ ಮಾಡ್ಬೇಕು: ಮೊದಲ ಹತ್ತು ನಿಮಿಷದಿಂದ ಎರಡು ವಾರದವರೆಗೆ

ಬೇಸಿಗೆ ಶುರುವಾಯ್ತು ಅಂದ್ರೆ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತೆ. "ನಿನ್ನೆ ಟ್ಯಾಂಕ್ ಕ್ಲೀನ್ ಮಾಡಿ ನೀರು ಚೇಂಜ್ ಮಾಡ್ದೆ, ಬೆಳಗ್ಗೆ ಎದ್ದು ನೋಡಿದ್ರೆ ಎರಡು ಗಪ್ಪಿ ಸತ್ತಿವೆ, ಮಿಕ್ಕಿದ್ದೆಲ್ಲ ಮೇಲೆ ಬಂದು ಬಾಯಿ ಬಾಯಿ ಬಿಡ್ತಿವೆ, ಯಾವ ಔಷಧಿ ಹಾಕ್ಲಿ?" ಅಂತ. ಔಷಧಿ ಹಾಕ್ಬೇಡಿ. ಒಂದು ರಾತ್ರಿಯಲ್ಲಿ ಎಲ್ಲಾ ಮೀನೂ ಒಟ್ಟಿಗೆ ಒದ್ದಾಡೋಕೆ ಶುರು ಮಾಡಿದ್ರೆ ಅದು ರೋಗ ಆಗಿರೋದು ತುಂಬಾ ಕಮ್ಮಿ, ಬಹುಪಾಲು ನೀರಿನದೇ ತೊಂದ್ರೆ, ರೋಗ ಆದ್ರೆ ಒಂದು ಮೀನಲ್ಲಿ ಶುರುವಾಗಿ ನಾಲ್ಕೈದು ದಿನದಲ್ಲಿ ಹರಡುತ್ತೆ.

ಬೆಂಗಳೂರಲ್ಲಿ ಇದು ಇಷ್ಟೊಂದು ಆಗೋದಕ್ಕೆ ಕಾರಣ ಇದೆ. ನಮ್ಮ ಮನೆ ನಲ್ಲಿಯಲ್ಲಿ ಯಾವತ್ತೂ ಒಂದೇ ನೀರು ಬರಲ್ಲ. ತೊರೆಕಾಡನಹಳ್ಳಿಯಿಂದ ಬರೋ ಕಾವೇರಿ ಸಿಹಿ ನೀರು ಒಂದಿನ, ಬೋರಿನ ಉಪ್ಪು ನೀರು ಇನ್ನೊಂದಿನ, ಏಪ್ರಿಲ್ ಬಂದ್ರೆ ಟ್ಯಾಂಕರ್, ಅದೆಲ್ಲ ಒಂದೇ ಸಂಪಿಗೆ ಬಿದ್ದು ಮಿಕ್ಸ್ ಆಗಿ ಮೇಲಿನ ಟ್ಯಾಂಕಿಗೆ ಹೋಗುತ್ತೆ. ಹೋದ ವಾರ ಟಿಡಿಎಸ್ (ನೀರಲ್ಲಿ ಕರಗಿರೋ ಲವಣ) 200 ಇದ್ದ ನಲ್ಲಿಯಲ್ಲಿ ಈ ವಾರ 900 ಬರ್ಬಹುದು, ನಮಗೆ ಸ್ನಾನ ಮಾಡೋವಾಗ ಸೋಪು ನೊರೆ ಬರಲ್ಲ ಅನ್ನೋದಷ್ಟೇ ಗೊತ್ತಾಗುತ್ತೆ, ಮೀನಿಗೆ ಅದು ಮೈಯೊಳಗಿನ ಲೆಕ್ಕಾನೇ ತಪ್ಪಿಸಿಬಿಡುತ್ತೆ. ಇದರ ಮೇಲೆ ಅಪಾರ್ಟ್‌ಮೆಂಟ್‌ನವರು ಸಂಪ್ ತೊಳೆದು ಬ್ಲೀಚಿಂಗ್ ಪೌಡರ್ ಹಾಕಿರ್ತಾರೆ.

ಈ ಲೇಖನ ಪೂರ್ತಿ ಓದೋಕೆ ಈಗ ಟೈಮ್ ಇಲ್ಲ ಅಂದ್ರೆ ಇದಿಷ್ಟು ಇಟ್ಕೊಳ್ಳಿ: ನೀರಲ್ಲಿ ಎರಡು ಥರದ ತೊಂದ್ರೆ ಇರುತ್ತೆ. ಒಂದು ವಿಷ, ಅಂದ್ರೆ ಕ್ಲೋರಿನ್, ಅಮೋನಿಯಾ, ನೈಟ್ರೈಟ್. ಇದನ್ನ ಬೇಗ ತೆಗೀಬೇಕು. ಇನ್ನೊಂದು ನೀರಿನ ಗುಣ, ಅಂದ್ರೆ ಪಿಎಚ್, ಗಡಸುತನ, ಟಿಡಿಎಸ್, ಬಿಸಿ ತಂಪು. ಇದನ್ನ ನಿಧಾನವಾಗಿ ಸರಿ ಮಾಡ್ಬೇಕು. ಜನ ಗಾಬರಿಯಲ್ಲಿ ಇದನ್ನ ಉಲ್ಟಾ ಮಾಡ್ತಾರೆ, ಪಿಎಚ್ ಇಳಿಸೋಕೆ ಏನೋ ಒಂದು ಬಾಟ್ಲು ತಂದು ಸುರೀತಾರೆ, ಅಮೋನಿಯಾ ಮಾತ್ರ ಹಂಗೇ ಬಿಟ್ಟಿರ್ತಾರೆ. ಹಂಗಾಗಿ ಬದುಕೋ ಮೀನೂ ಸಾಯುತ್ತೆ.

ಮುಂದೆ ಬರೋ ಪದಗಳು

ಪಿಎಚ್ ಅಂದ್ರೆ ನೀರು ಹುಳಿ ಕಡೆ ಇದ್ಯಾ ಕ್ಷಾರದ ಕಡೆ ಇದ್ಯಾ ಅನ್ನೋ ಅಳತೆ. 7 ಅಂದ್ರೆ ಸಮ, ಅದಕ್ಕಿಂತ ಕೆಳಗೆ ಹುಳಿ, ಮೇಲೆ ಕ್ಷಾರ. ಇಲ್ಲಿ ಒಂದು ಅಂಕಿ ಅಂದ್ರೆ ಹತ್ತು ಪಟ್ಟು ವ್ಯತ್ಯಾಸ, ಹಾಗಾಗಿ 6ರಿಂದ 8ಕ್ಕೆ ಹೋದ್ರೆ ಎರಡೇ ಅಂಕಿ ಅಂತ ಅನ್ಕೋಬೇಡಿ, ಅದು ನೂರು ಪಟ್ಟು.

ಕೆಎಚ್ ಅಂದ್ರೆ ನೀರಲ್ಲಿ ಕರಗಿರೋ ಬೈಕಾರ್ಬೊನೇಟ್. ಪಿಎಚ್ ಕುಸಿದು ಬೀಳದಂಗೆ ಹಿಡ್ಕೊಂಡಿರೋದು ಇದೇ. ಜಿಎಚ್ ಅಂದ್ರೆ ಗಡಸುತನ, ಕ್ಯಾಲ್ಸಿಯಂ ಮೆಗ್ನೀಸಿಯಂ, ಗೀಸರ್ ಕಾಯಿಲ್ ಮೇಲೆ ಬಿಳಿ ಪೊರೆ ಕಟ್ಟುತ್ತಲ್ಲ ಅದು. ಟಿಡಿಎಸ್ ಅಂದ್ರೆ ಕರಗಿರೋ ಎಲ್ಲಾ ಲವಣಗಳ ಮೊತ್ತ, ಯಾವ ಲವಣ ಎಷ್ಟಿದೆ ಅಂತ ಅದು ಹೇಳಲ್ಲ. ಪಿಪಿಎಂ ಅಂದ್ರೆ ಒಂದು ಲೀಟರಲ್ಲಿ ಎಷ್ಟು ಮಿಲಿಗ್ರಾಂ.

ಅಮೋನಿಯಾ ಬರೋದು ಮೀನಿನ ಕಿವಿರು, ಕಕ್ಕ, ಮಿಕ್ಕಿದ ಫುಡ್ಡಿನಿಂದ. ಫಿಲ್ಟರ್ ಸ್ಪಾಂಜಲ್ಲಿರೋ ಬ್ಯಾಕ್ಟೀರಿಯಾ ಅದನ್ನ ಮೊದಲು ನೈಟ್ರೈಟ್ ಮಾಡುತ್ತೆ, ಆಮೇಲೆ ನೈಟ್ರೇಟ್ ಮಾಡುತ್ತೆ. ಮೊದಲಿನ ಎರಡೂ ವಿಷ, ಕೊನೇದು ಅಷ್ಟು ತೊಂದ್ರೆ ಇಲ್ಲ. ಈ ಕೆಲಸ ಸರಿಯಾಗಿ ನಡೀತಿದ್ರೆ ಟ್ಯಾಂಕ್ ಸೈಕಲ್ ಆಗಿದೆ ಅಂತಾರೆ.

ಮನೇಲಿ ಇಟ್ಕೊಂಡಿರ್ಬೇಕಾದ್ದು

ಏರ್ ಪಂಪ್ ಮತ್ತೆ ಏರ್ ಸ್ಟೋನ್ (ಕರೆಂಟ್ ಹೋದ್ರೂ ಓಡೋ ಬ್ಯಾಟರಿ ಪಂಪ್ ಒಂದಿದ್ರೆ ಇನ್ನೂ ಒಳ್ಳೇದು), ಆಂಟಿ ಕ್ಲೋರಿನ್, ಅಯೋಡಿನ್ ಸೇರಿಸದ ಕಲ್ಲುಪ್ಪು, ಅಡುಗೆ ಮನೆ ತೂಕದ ಮಷಿನ್, ಥರ್ಮಾಮೀಟರ್, ಟಿಡಿಎಸ್ ಪೆನ್, ಟೆಸ್ಟ್ ಕಿಟ್. ಕಿಟ್ ತಗೊಳ್ಳೋದಾದ್ರೆ ಹನಿ ಹಾಕಿ ನೋಡೋ ಲಿಕ್ವಿಡ್ ಕಿಟ್ ತಗೊಳ್ಳಿ. ಎಪಿಐ ಫ್ರೆಶ್‌ವಾಟರ್ ಮಾಸ್ಟರ್ ಕಿಟ್ ಅಂತ ಸಿಗೋದ್ರಲ್ಲಿ ಪಿಎಚ್, ಅಮೋನಿಯಾ, ನೈಟ್ರೈಟ್, ನೈಟ್ರೇಟ್ ಇರುತ್ತೆ, ಕೆಎಚ್ ಜಿಎಚ್ ಇರಲ್ಲ, ಅದನ್ನ ಬೇರೆ ತಗೋಬೇಕು. ದುಡ್ಡು ಕಮ್ಮಿ ಇದ್ರೆ ಅಮೋನಿಯಾ ಮತ್ತೆ ಪಿಎಚ್ ಎರಡೇ ತಗೊಳ್ಳಿ, ಮಿಕ್ಕಿದ್ದು ಆಮೇಲೆ. ಹೊಸ ಮೀನಿಗೆ ಖರ್ಚು ಮಾಡೋಕೆ ಮುಂಚೆ ಕಿಟ್ಟಿಗೆ ಖರ್ಚು ಮಾಡಿ ಅಂತ ನಾನು ಎಲ್ರಿಗೂ ಹೇಳೋದು.

1. ಮೊದಲ ಹತ್ತು ನಿಮಿಷ: ಗಾಳಿ ಕೊಡಿ, ಲೈಟ್ ಆಫ್ ಮಾಡಿ, ಕೈ ಹಾಕ್ಬೇಡಿ

ಏರ್ ಪಂಪ್ ಫುಲ್ ಬಿಡಿ. ಫಿಲ್ಟರ್ ನೀರು ಮೇಲ್ಮೈ ಮೇಲೆ ಬೀಳೋ ಹಂಗೆ ತಿರುಗಿಸಿ, ಮೇಲೆ ಅಲೆ ಏಳ್ಬೇಕು. ಕ್ಲೋರಿನ್ ಇರ್ಲಿ ಅಮೋನಿಯಾ ಇರ್ಲಿ ನೈಟ್ರೈಟ್ ಇರ್ಲಿ, ಮೂರರಲ್ಲೂ ಪೆಟ್ಟು ಬೀಳೋದು ಉಸಿರಾಟಕ್ಕೆ, ಒಂದೋ ಕಿವಿರು ಸುಡುತ್ತೆ ಇಲ್ಲಾ ರಕ್ತ ಆಮ್ಲಜನಕ ಹೊರೋಕಾಗಲ್ಲ, ಆದ್ರಿಂದ ಕಾರಣ ಗೊತ್ತಿಲ್ದೇ ಇದ್ರೂ ಗಾಳಿ ಕೊಟ್ರೆ ತಪ್ಪಾಗಲ್ಲ. ಬೇಸಿಗೆ ಮಧ್ಯಾಹ್ನ ಅಂತೂ ನೀರು ಬಿಸಿ ಆದಷ್ಟೂ ಅದರಲ್ಲಿ ಆಮ್ಲಜನಕ ಕಮ್ಮಿ ಹಿಡಿಯುತ್ತೆ.

ಟ್ಯಾಂಕ್ ಲೈಟ್ ಆಫ್ ಮಾಡಿ, ಸಾಧ್ಯ ಆದ್ರೆ ಮುಂದೆ ಒಂದು ಟವೆಲ್ ಇಳಿಬಿಡಿ. ಮಕ್ಕಳನ್ನ ಗ್ಲಾಸ್ ತಟ್ಟೋಕೆ ಬಿಡ್ಬೇಡಿ. ಫುಡ್ ಹಾಕ್ಬೇಡಿ, ಇನ್ನೂ 24 ಗಂಟೆ ಬೇಡವೇ ಬೇಡ, ದೊಡ್ಡ ಮೀನಾದ್ರೆ 48 ಗಂಟೆ ಇದ್ರೂ ಏನೂ ಆಗಲ್ಲ.

ಇಲ್ಲಿ ಎಲ್ರೂ ಮಾಡೋ ತಪ್ಪು, ಮೀನನ್ನ ಬಲೆಯಲ್ಲಿ ಹಿಡಿದು ಬಕೆಟ್ಟಿಗೆ ಹಾಕೋದು. ಬಕೆಟ್ಟಲ್ಲಿರೋದೂ ಅದೇ ನಲ್ಲಿ ನೀರಲ್ವಾ? ಬಲೆ ತಾಗಿ ಮೈಮೇಲಿನ ಲೋಳೆ ಹೋಗುತ್ತೆ, ಅದೇ ಅದಕ್ಕಿರೋ ರಕ್ಷಣೆ. ಇನ್ನೊಂದು ಸೈಕಲ್ ಆಗಿರೋ ಟ್ಯಾಂಕ್ ಇದ್ದು, ಅದರ ನೀರು ಹಳೇ ನೀರಿನ ಹತ್ರಾನೇ ಇದೆ ಅಂತ ಖಾತ್ರಿ ಇದ್ರೆ ಮಾತ್ರ ಎತ್ತಿ.

2. ಆಂಟಿ ಕ್ಲೋರಿನ್ ಈಗ್ಲೇ ಹಾಕಿ, ಪೂರ್ತಿ ಟ್ಯಾಂಕಿನ ಲೆಕ್ಕಕ್ಕೆ

ಕಳೆದ ಒಂದೆರಡು ದಿನದಲ್ಲಿ ನಲ್ಲಿ ನೀರು ಹಾಕಿದ್ರೆ ಟೆಸ್ಟ್‌ಗೆ ಕಾಯ್ಬೇಡಿ. ಕುಡಿಯೋ ನೀರಿನ ಭಾರತೀಯ ಮಾನಕ ಐಎಸ್ 10500 ಪ್ರಕಾರ ಉಳಿಕೆ ಕ್ಲೋರಿನ್ ಕನಿಷ್ಠ 0.2 ಪಿಪಿಎಂ ಇರ್ಬೇಕು, 1 ಪಿಪಿಎಂವರೆಗೂ ಇರ್ಬಹುದು. ನಮಗೆ ಅದು ಸರಿಯಾದ ನೀರೇ, ಮೀನಿನ ಕಿವಿರಿಗೆ ಅದು ಸುಡುತ್ತೆ.

ಎಷ್ಟು ಹಾಕ್ಬೇಕು ಅನ್ನೋಕೆ ನಿಮ್ಮ ಟ್ಯಾಂಕ್ ಎಷ್ಟು ಲೀಟರ್ ಅಂತ ಗೊತ್ತಿರ್ಬೇಕು. ಉದ್ದ, ಅಗಲ, ನೀರಿನ ಎತ್ತರ ಮೂರನ್ನೂ ಸೆಂಟಿಮೀಟರಲ್ಲಿ ಗುಣಿಸಿ 1000ದಿಂದ ಭಾಗಿಸಿ. 60 ಉದ್ದ 30 ಅಗಲ 30 ಎತ್ತರ ಅಂದ್ರೆ 54 ಲೀಟರ್, ಕಲ್ಲು ಮರಳು ಕಳೆದ್ರೆ 45ರ ಹತ್ರ. ಅಂಗಡಿಯವರು ಹೇಳೋ "ಎರಡಡಿ ಟ್ಯಾಂಕ್" ಇದೇ. ಈ ಲೆಕ್ಕವನ್ನ ಒಂದು ಚೀಟಿಯಲ್ಲಿ ಬರೆದು ಟ್ಯಾಂಕ್ ಪಕ್ಕಕ್ಕೆ ಅಂಟಿಸಿ, ಗಾಬರಿಯಲ್ಲಿ ಗುಣಾಕಾರ ತಲೆಗೆ ಹತ್ತಲ್ಲ.

ಬಾಟ್ಲು ಮೇಲೆ ಬರ್ದಿರೋ ಡೋಸ್ ಪೂರ್ತಿ ಟ್ಯಾಂಕಿಗೆ ಹಾಕಿ, ಬದಲಾಯಿಸಿದ ನೀರಿಗೆ ಮಾತ್ರ ಅಲ್ಲ. ಹರಳು ರೂಪದಲ್ಲಿ ಸಿಗೋ ಹೈಪೋ, ಅಂದ್ರೆ ಸೋಡಿಯಂ ಥಯೋಸಲ್ಫೇಟ್ ಇದ್ರೆ, 10 ಗ್ರಾಂ ಹರಳನ್ನ 1 ಲೀಟರ್ ನೀರಲ್ಲಿ ಕರಗಿಸಿಟ್ಕೊಳ್ಳಿ. 1 ಮಿಲಿಗ್ರಾಂ ಕ್ಲೋರಿನ್ ಹೊಡೆಯೋಕೆ ಸುಮಾರು 7 ಮಿಲಿಗ್ರಾಂ ಹೈಪೋ ಬೇಕು, ಅಂದ್ರೆ 1 ಪಿಪಿಎಂ ಕ್ಲೋರಿನ್ ಇರೋ 50 ಲೀಟರಿಗೆ ಈ ದ್ರಾವಣ 35 ಎಂಎಲ್. ಸಂಪಿಗೆ ಬ್ಲೀಚಿಂಗ್ ಪೌಡರ್ ಬಿದ್ದ ದಿನ ಆದ್ರೆ ಇದರ ಎರಡು ಪಟ್ಟು ಹಾಕಿ, ಸ್ವಲ್ಪ ಹೆಚ್ಚಾದ್ರೆ ಹೈಪೋ ಮೀನಿಗೆ ಏನೂ ಮಾಡಲ್ಲ, ಕಮ್ಮಿ ಆದ್ರೆ ಕ್ಲೋರಿನ್ ಉಳ್ಕೊಳ್ಳುತ್ತೆ.

ಒಂದು ವಿಷಯ ಗಮನ ಇರ್ಲಿ. ಕ್ಲೋರಿನ್ ಅಮೋನಿಯಾ ಜೊತೆ ಸೇರಿದ್ರೆ ಕ್ಲೋರಮಿನ್ ಆಗುತ್ತೆ. ಬಕೆಟ್ಟಲ್ಲಿ ಒಂದಿನ ಬಿಟ್ರೆ ಕ್ಲೋರಿನ್ ಹೋಗುತ್ತೆ ಅಂತ ಹಿರಿಯರು ಹೇಳೋದು ನಿಜ, ಕ್ಲೋರಮಿನ್ ಮಾತ್ರ ಹಂಗೆ ಹೋಗಲ್ಲ. ಹೈಪೋ ಅದನ್ನ ಒಡೆಯುತ್ತೆ, ಆದ್ರೆ ಒಡೆದಾಗ ಅಮೋನಿಯಾ ಹೊರಗೆ ಬರುತ್ತೆ. ಸೀಕೆಮ್ ಪ್ರೈಮ್ ಥರದ ಕಂಡೀಷನರ್‌ಗಳು ಆ ಅಮೋನಿಯಾನೂ ತಾತ್ಕಾಲಿಕವಾಗಿ ಹಿಡಿದಿಡುತ್ತೆ ಅಂತ ಕಂಪನಿಯವರು ಹೇಳ್ತಾರೆ. ಇದ್ರೆ ಅದನ್ನೇ ಹಾಕಿ, ಇಲ್ಲ ಅಂದ್ರೆ ಹೈಪೋ ಹಾಕಿ ಅಮೋನಿಯಾ ಟೆಸ್ಟ್ ಮಾಡ್ತಿರಿ.

3. ಟೆಸ್ಟ್ ಮಾಡಿ, ಟ್ಯಾಂಕ್ ನೀರೂ ನಲ್ಲಿ ನೀರೂ ಎರಡನ್ನೂ

ಬರೀ ಟ್ಯಾಂಕ್ ಟೆಸ್ಟ್ ಮಾಡಿದ್ರೆ ಅರ್ಧ ಕಥೆ ಅಷ್ಟೇ. ಎರಡು ಲೋಟ ಇಡಿ, ಒಂದರಲ್ಲಿ ಟ್ಯಾಂಕ್ ನೀರು, ಇನ್ನೊಂದರಲ್ಲಿ ನಲ್ಲಿ ನೀರು. ಪಿಎಚ್, ಟಿಡಿಎಸ್, ಅಮೋನಿಯಾ, ನೈಟ್ರೈಟ್, ಟೆಂಪರೇಚರ್ ಬರ್ಕೊಳ್ಳಿ, ಟೈಮ್ ಹಾಕಿ.

ಬೋರ್ ನೀರಾದ್ರೆ ಈಗ ತೋರಿಸೋ ಪಿಎಚ್ ನಂಬ್ಬೇಡಿ. ಆಳದಿಂದ ಬರೋ ನೀರಲ್ಲಿ ಕಾರ್ಬನ್ ಡೈಆಕ್ಸೈಡ್ ಜಾಸ್ತಿ, ಆಮ್ಲಜನಕ ಕಮ್ಮಿ ಇರುತ್ತೆ, ಅದಕ್ಕೇ ಪಿಎಚ್ ಕಮ್ಮಿ ತೋರ್ಸುತ್ತೆ, ಏರ್ ಸ್ಟೋನ್ ಹಾಕಿ ಒಂದಿನ ಬಿಟ್ಟು ನೋಡಿ ಅದು ಏರಿರುತ್ತೆ. ಮೋಟರ್ ಹಾಕಿದ ತಕ್ಷಣ ಪೈಪಿಂದ ನೇರ ಟ್ಯಾಂಕಿಗೆ ಬಿಟ್ಟವರಿಗೆ ಇದೇ ತೊಂದ್ರೆ ಆಗೋದು, ಕೆಲವು ಸಲ ಮೀನಿನ ರೆಕ್ಕೆ ಮೇಲೆ, ಗ್ಲಾಸ್ ಮೇಲೆ ಸಣ್ಣ ಸಣ್ಣ ಗುಳ್ಳೆ ಕೂತಿರುತ್ತೆ. ಅದಕ್ಕೆ ಔಷಧಿ ಗಾಳೀನೇ.

ಅಪಾರ್ಟ್‌ಮೆಂಟಲ್ಲಿ ವಾಟರ್ ಸಾಫ್ಟನರ್ ಹಾಕಿದ್ದಾರಾ ಅಂತ ಕೇಳಿ. ಸಾಫ್ಟನರ್ ಕ್ಯಾಲ್ಸಿಯಂ ಮೆಗ್ನೀಸಿಯಂ ತೆಗೆದು ಆ ಜಾಗಕ್ಕೆ ಸೋಡಿಯಂ ಹಾಕುತ್ತೆ, ಹಾಗಾಗಿ ಟಿಡಿಎಸ್ ಪೆನ್ ಇಟ್ರೆ ಅಷ್ಟೇ ತೋರ್ಸುತ್ತೆ, ಆದ್ರೆ ಜಿಎಚ್ ಸೊನ್ನೆಗೆ ಬಂದಿರುತ್ತೆ. ಮೋಲಿ, ಗಪ್ಪಿ, ಪ್ಲಾಟಿ ಥರದ ಗಡಸು ನೀರು ಬೇಕಾದ ಮೀನು ಈ ನೀರಲ್ಲಿ ಸೊರಗುತ್ತೆ, ಮಾಲೀಕರು ಮಾತ್ರ "ಟಿಡಿಎಸ್ ಚೇಂಜ್ ಆಗೇ ಇಲ್ಲ ಸಾರ್" ಅಂತಾರೆ. ಹೊಸದಾಗಿ ಸಿಮೆಂಟ್ ಹಚ್ಚಿದ ಸಂಪ್ ಆದ್ರೆ ಸುಣ್ಣದ ಅಂಶ ಬಿಟ್ಟು ಪಿಎಚ್ 9 ದಾಟೋದೂ ಉಂಟು.

4. ಯಾವ ತೊಂದ್ರೆ ಅಂತ ಹಿಡೀರಿ

ಕ್ಲೋರಿನ್: ನೀರು ಹಾಕಿದ ನಿಮಿಷಗಳಲ್ಲಿ, ಇಲ್ಲ ಒಂದೆರಡು ಗಂಟೆಯಲ್ಲಿ ಮೀನು ಹುಚ್ಚು ಹಿಡಿದಂಗೆ ಓಡುತ್ತೆ, ಗ್ಲಾಸಿಗೆ ಗುದ್ದುತ್ತೆ, ಮೈ ಮೇಲೆ ಲೋಳೆ ಜಾಸ್ತಿ ಆಗಿ ಮಬ್ಬು ಕಾಣುತ್ತೆ. ಎರಡನೇ ಹಂತದಲ್ಲಿ ಆಂಟಿ ಕ್ಲೋರಿನ್ ಹಾಕಿದ್ರಲ್ಲ, ಅಲ್ಲಿಗೆ ಕ್ಲೋರಿನ್ ಕೆಲಸ ಮುಗೀತು. ಆದ್ರೆ ಸುಟ್ಟ ಕಿವಿರು ವಾಸಿ ಆಗೋಕೆ ದಿನಗಳು ಬೇಕು, ಗಾಳಿ ತೆಗೀಬೇಡಿ.

ಅಮೋನಿಯಾ: ಕಿವಿರು ಕೆಂಪಾಗಿ ಊದಿರುತ್ತೆ, ಮೀನು ಮೇಲೆ ಬಂದು ಉಸಿರು ಎಳೆಯುತ್ತೆ. ಇಲ್ಲಿ ಸ್ವಲ್ಪ ನಿಲ್ಲಿ, ಯಾಕಂದ್ರೆ ನನಗೆ ಬರೋ ಪ್ರಶ್ನೆಗಳಲ್ಲಿ ಬಹುಪಾಲು ಇದೇ, ಕೇಳೋರಿಗೆ ಮಾತ್ರ ಇದು ಪಿಎಚ್ ಶಾಕ್ ಅಂತ ಅನ್ಸಿರುತ್ತೆ. ಕಿಟ್ ತೋರಿಸೋದು ಒಟ್ಟು ಅಮೋನಿಯಾ. ಅದರಲ್ಲಿ ಎರಡು ರೂಪ ಇದೆ, ಒಂದು ಅಮೋನಿಯಂ, ಅದು ಅಷ್ಟೇನೂ ಕೆಟ್ಟದ್ದಲ್ಲ, ಇನ್ನೊಂದು ನಿಜವಾದ ಅಮೋನಿಯಾ, ಅದು ವಿಷ. ಯಾವುದು ಎಷ್ಟಿರುತ್ತೆ ಅನ್ನೋದನ್ನ ಪಿಎಚ್ ಮತ್ತೆ ಬಿಸಿ ತೀರ್ಮಾನ ಮಾಡುತ್ತೆ. 25 ಡಿಗ್ರಿಯಲ್ಲಿ ಪಿಎಚ್ 7 ಇದ್ರೆ ವಿಷದ ಭಾಗ ನೂರಕ್ಕೆ ಬರೀ ಅರ್ಧ (0.5 ಪರ್ಸೆಂಟ್), ಪಿಎಚ್ 8 ಆದ್ರೆ ನೂರಕ್ಕೆ 5, ಪಿಎಚ್ 9 ಆದ್ರೆ ನೂರಕ್ಕೆ 36ರ ಹತ್ರ.

ಈಗ ತಿಂಗಳುಗಟ್ಟಲೆ ನೀರು ಬದಲಾಯಿಸದ ಟ್ಯಾಂಕ್ ತಗೊಳ್ಳಿ. ಬ್ಯಾಕ್ಟೀರಿಯಾ ಅಮೋನಿಯಾ ತಿನ್ನೋವಾಗ ಕೆಎಚ್ ಕೂಡ ಖರ್ಚಾಗುತ್ತೆ, ಕೆಎಚ್ ಮುಗಿದ್ಮೇಲೆ ಪಿಎಚ್ ಇಳೀತಾ 6ಕ್ಕೆ ಬರುತ್ತೆ, ಅಷ್ಟು ಹುಳಿ ನೀರಲ್ಲಿ ಬ್ಯಾಕ್ಟೀರಿಯಾನೂ ಸರಿಯಾಗಿ ಕೆಲಸ ಮಾಡಲ್ಲ, ಅಮೋನಿಯಾ 2 ಪಿಪಿಎಂ ತನಕ ಸೇರ್ಕೊಂಡಿದ್ರೂ ಅದೆಲ್ಲ ಅಮೋನಿಯಂ ರೂಪದಲ್ಲಿ ಇರೋದ್ರಿಂದ ಮೀನು ಹೆಂಗೋ ಬದುಕಿರುತ್ತೆ. ಹಬ್ಬ ಬಂತು ಅಂತ ಟ್ಯಾಂಕ್ ಕ್ಲೀನ್ ಮಾಡಿ ಅರ್ಧಕ್ಕರ್ಧ ಬೋರ್ ನೀರು ಹಾಕ್ತೀರಿ, ಪಿಎಚ್ ಒಂದೇ ಸಲ 8ಕ್ಕೆ ಹಾರುತ್ತೆ, ಉಳಿದಿರೋ ಅಮೋನಿಯಂ ನಿಂತ ಜಾಗದಲ್ಲೇ ವಿಷ ಆಗುತ್ತೆ. ಒಳ್ಳೇ ನೀರು ಹಾಕಿದ್ಮೇಲೇ ಸತ್ತಿದ್ದು ಅನ್ಸೋದು ಇದಕ್ಕೇ.

ಇಂಥ ಟೈಮಲ್ಲಿ ಏನ್ ಮಾಡ್ಬೇಕು? ಪಿಎಚ್ ಆಗ್ಲೇ ನಲ್ಲಿ ನೀರಿನ ಹತ್ರ ಬಂದುಬಿಟ್ಟಿದೆ, ಹಾಗಾಗಿ ಅದೇ ನೀರಿಗೆ ಆಂಟಿ ಕ್ಲೋರಿನ್ ಹಾಕಿ, ಬಿಸಿ ಹೊಂದಿಸಿ, ಇನ್ನೊಂದು 25ರಿಂದ 30 ಪರ್ಸೆಂಟ್ ಬದಲಾಯಿಸಿದ್ರೆ ಪಿಎಚ್ ಜಾಸ್ತಿ ಅಲ್ಲಾಡಲ್ಲ, ಅಮೋನಿಯಾ ಇಳಿಯುತ್ತೆ. ಮಾರನೇ ದಿನ ಟೆಸ್ಟ್ ಮಾಡಿ ಇನ್ನೂ ಇದ್ರೆ ಮತ್ತೆ ಅಷ್ಟೇ. ಇನ್ನೂ ನೀರು ಬದಲಾಯಿಸಿಲ್ಲ, ಆದ್ರೆ ಟ್ಯಾಂಕ್ ಪಿಎಚ್ 6 ಇದೆ ನಲ್ಲಿ 8 ಇದೆ ಅನ್ನೋರು ದಿನಕ್ಕೆ 10 ಪರ್ಸೆಂಟ್ ಮೀರ್ಬೇಡಿ.

ನೈಟ್ರೈಟ್: ಕಿವಿರು ಕಂದು ಬಣ್ಣಕ್ಕೆ ತಿರುಗುತ್ತೆ, ನೀರಲ್ಲಿ ಎಷ್ಟೇ ಗಾಳಿ ಇದ್ರೂ ಮೀನು ಮೇಲ್ಗಡೆನೇ ಇರುತ್ತೆ, ಯಾಕಂದ್ರೆ ನೈಟ್ರೈಟ್ ರಕ್ತಕ್ಕೆ ಹೋಗಿ ಹಿಮೋಗ್ಲೋಬಿನ್ ಆಮ್ಲಜನಕ ಹೊರದಂಗೆ ಮಾಡುತ್ತೆ. ಇದಕ್ಕೆ ಉಪ್ಪು ನಿಜವಾಗ್ಲೂ ಕೆಲಸ ಮಾಡುತ್ತೆ, ಉಪ್ಪಿನಲ್ಲಿರೋ ಕ್ಲೋರೈಡ್ ಕಿವಿರಿನ ಬಾಗಿಲಲ್ಲೇ ನೈಟ್ರೈಟನ್ನ ತಡೆಯುತ್ತೆ. ಜೊತೆಗೆ 25 ಪರ್ಸೆಂಟ್ ನೀರು ಬದಲಾಯಿಸಿ.

ಪಿಎಚ್, ಗಡಸುತನ, ಟಿಡಿಎಸ್ ಏರುಪೇರು: ಅಮೋನಿಯಾ ನೈಟ್ರೈಟ್ ಎರಡೂ ಸೊನ್ನೆ ಇದ್ದು, ಮೀನು ರೆಕ್ಕೆ ಮುದುಡ್ಕೊಂಡು ತಳದಲ್ಲಿ ಕೂತಿದ್ರೆ, ಬಣ್ಣ ಕಳ್ಕೊಂಡಿದ್ರೆ, ಓರೆಯಾಗಿ ಈಜ್ತಿದ್ರೆ ಇದೇ. ಸಿಹಿ ನೀರಿನ ಮೀನಿನ ಮೈಯಲ್ಲಿರೋ ಲವಣ ಸುತ್ತಲಿನ ನೀರಿಗಿಂತ ಯಾವಾಗ್ಲೂ ಜಾಸ್ತಿ, ಹಾಗಾಗಿ ನೀರು ಕಿವಿರಿನ ಮೂಲಕ ಸದಾ ಒಳಗೆ ನುಗ್ತಾ ಇರುತ್ತೆ, ಕಿಡ್ನಿ ಅದನ್ನ ಸದಾ ಹೊರಗೆ ಹಾಕ್ತಾ ಇರುತ್ತೆ. ಟಿಡಿಎಸ್ ದಿಢೀರ್ ಅಂತ ಇಳಿದ್ರೆ ಈ ಕೆಲಸ ಒಂದೇ ಸಲ ಹೆಚ್ಚಾಗುತ್ತೆ. ಅದಕ್ಕೇ ಬೋರ್ ನೀರಲ್ಲಿ ವರ್ಷಗಟ್ಟಲೆ ಇದ್ದ ಗೋಲ್ಡ್ ಫಿಶ್ಶನ್ನ "ಒಳ್ಳೇ ನೀರು" ಅಂತ ಆರ್‌ಓ ನೀರಿಗೆ ಹಾಕೋದು ತಪ್ಪು. ಆರ್‌ಓ ನೀರಲ್ಲಿ ಕೆಎಚ್ ಇಲ್ವೇ ಇಲ್ಲ ಅನ್ನೋಷ್ಟು ಕಮ್ಮಿ, ಮಳೆ ನೀರೂ ಹಂಗೇ, ಆಮೇಲೆ ಪಿಎಚ್ ಕೂಡ ಕುಸಿಯುತ್ತೆ.

ತಂಪು: ಡಿಸೆಂಬರ್ ಜನವರಿ ಬೆಳಗ್ಗೆ ಮೇಲಿನ ಟ್ಯಾಂಕಿನ ನೀರು ಕೊರೀತಿರುತ್ತೆ. ಟ್ಯಾಂಕಿಗೂ ಹೊಸ ನೀರಿಗೂ 2 ಡಿಗ್ರಿಗಿಂತ ಜಾಸ್ತಿ ವ್ಯತ್ಯಾಸ ಬೇಡ. ಆಗ್ಲೇ ತಂಪಾಗಿದ್ರೆ ಹೀಟರ್ ಹಾಕಿ ಗಂಟೆಗೆ ಒಂದು ಡಿಗ್ರಿ ಥರ ಏರಿಸಿ, ಬಿಸಿನೀರು ಸುರೀಬೇಡಿ.

5. ಉಪ್ಪು: ಎಷ್ಟು, ಹೇಗೆ, ಯಾರಿಗೆ ಬೇಡ

ಲೀಟರಿಗೆ 1 ಗ್ರಾಂ. 45 ಲೀಟರ್ ಟ್ಯಾಂಕಿಗೆ 45 ಗ್ರಾಂ ಕಲ್ಲುಪ್ಪು. ಚಮಚದ ಲೆಕ್ಕ ಬೇಡ, ಕಲ್ಲುಪ್ಪಿನ ಹರಳು ಒಂದೊಂದು ಸೈಜ್ ಇರುತ್ತೆ, ತೂಕ ಮಾಡಿ. ಟ್ಯಾಂಕ್ ನೀರನ್ನೇ ಮಗ್ಗಲ್ಲಿ ತಗೊಂಡು ಪೂರ್ತಿ ಕರಗಿಸಿ, ಮೂರು ಭಾಗ ಮಾಡಿ ನಾಲ್ಕು ನಾಲ್ಕು ಗಂಟೆ ಬಿಟ್ಟು ಹಾಕಿ. ಹರಳನ್ನ ಹಂಗೇ ಎಸೆದ್ರೆ ತಳದಲ್ಲಿರೋ ಮೀನಿನ ಮೈ ಸುಡುತ್ತೆ.

ಕೋರಿಡೊರಸ್, ಲೋಚ್, ನಿಯಾನ್ ಟೆಟ್ರಾ ಥರದವು ಇದ್ರೆ ಅರ್ಧ ಡೋಸ್ ಸಾಕು. ಗಿಡ ತುಂಬಿರೋ ಟ್ಯಾಂಕಾದ್ರೆ ನೈಟ್ರೈಟ್ ಇದ್ರೆ ಮಾತ್ರ ಹಾಕಿ. ಉಪ್ಪು ಆವಿಯಾಗಿ ಹೋಗಲ್ಲ, ನೀರು ಕಮ್ಮಿ ಆಗಿದ್ರೆ ಬರೀ ನೀರು ತುಂಬಿಸಿ, ಮತ್ತೆ ಉಪ್ಪು ಹಾಕ್ಬೇಡಿ. ಎರಡು ವಾರದಲ್ಲಿ ನೀರು ಬದಲಾಯಿಸ್ತಾ ಬಂದ್ರೆ ತಾನಾಗೇ ಕಮ್ಮಿ ಆಗುತ್ತೆ.

ಇನ್ನೆರಡು ಎಚ್ಚರಿಕೆ. ಲೀಟರಿಗೆ 1 ಗ್ರಾಂ ಉಪ್ಪು ಹಾಕಿದ್ರೆ ಟಿಡಿಎಸ್ ಪೆನ್ ಸಾವಿರದ ಆಸುಪಾಸು ಜಾಸ್ತಿ ತೋರ್ಸುತ್ತೆ, ಗಾಬರಿ ಆಗ್ಬೇಡಿ, ಅದನ್ನ ನೋಡಿ ಆರ್‌ಓ ನೀರು ಸುರೀಬೇಡಿ. ಫಿಲ್ಟರಲ್ಲಿ ಅಮೋನಿಯಾ ಹೀರೋ ಜಿಯೋಲೈಟ್ ಕಲ್ಲು ಇದ್ರೆ ಉಪ್ಪು ಹಾಕೋಕೆ ಮುಂಚೆ ಅದನ್ನ ತೆಗೀರಿ, ಉಪ್ಪು ತಾಗಿದ್ರೆ ಅದು ಹೀರ್ಕೊಂಡಿದ್ದ ಅಮೋನಿಯಾನ ವಾಪಸ್ ನೀರಿಗೆ ಬಿಡುತ್ತೆ. ಅಂಗಡಿಯಲ್ಲಿ ಎರಡನ್ನೂ ಒಟ್ಟಿಗೇ ಕೊಟ್ಟು ಕಳಿಸ್ತಾರೆ, ಇದನ್ನ ಯಾರೂ ಹೇಳಲ್ಲ.

6. ಗುಣ ಸರಿ ಮಾಡೋದು: ವಾಪಸ್ ಓಡ್ಬೇಡಿ

ಟ್ಯಾಂಕರ್ ನೀರು ಬಿದ್ದು ಟಿಡಿಎಸ್ 200ರಿಂದ 800 ಆಗಿದೆ ಅಂದ್ಕೊಳ್ಳಿ. ಹಳೇ ನೀರನ್ನ ಬಕೆಟ್ಟಲ್ಲಿ ಇಟ್ಟಿದ್ದು, ಇನ್ನೂ ಒಂದೆರಡು ಗಂಟೆ ಅಷ್ಟೇ ಆಗಿದ್ರೆ ಅದನ್ನ ಕೊಳಾಯಿಯಷ್ಟು ರಭಸವಾಗಿ ಅಲ್ಲದೆ ಸಣ್ಣ ಪೈಪಲ್ಲಿ ಹನಿ ಹನಿಯಾಗಿ ವಾಪಸ್ ಬಿಡಿ, ಏರ್ ಪಂಪ್ ಪೈಪಿಗೆ ಒಂದು ಗಂಟು ಹಾಕಿದ್ರೆ ಸೆಕೆಂಡಿಗೆ ಎರಡು ಮೂರು ಹನಿ ಬೀಳುತ್ತೆ. ಅಮೋನಿಯಾ ಇದ್ದ ಹಳೇ ನೀರಾದ್ರೆ ಬೇಡ.

ಆದ್ರೆ ಅರ್ಧ ದಿನ ದಾಟಿದ್ದು, ಮೀನು ಸುಮ್ನೆ ನಿಂತಿದ್ರೂ ಉಸಿರಾಟ ಸಮಾಧಾನವಾಗಿದ್ರೆ, ಅಲ್ಲೇ ಬಿಡಿ. ಅದರ ಮೈ ಆಗ್ಲೇ ಹೊಸ ನೀರಿಗೆ ಹೊಂದ್ಕೊಳ್ಳೋಕೆ ಶುರು ಮಾಡಿರುತ್ತೆ, ಈಗ 200ಕ್ಕೆ ಎಳೆದ್ರೆ ಅದು ಎರಡನೇ ಶಾಕ್. ದಿನಕ್ಕೆ 10ರಿಂದ 15 ಪರ್ಸೆಂಟ್ ನೀರು ಮಾತ್ರ ಬದಲಾಯಿಸ್ತಾ ವಾರಗಟ್ಟಲೆ ತಗೊಂಡು ಇಳಿಸಿ. ಗಪ್ಪಿ, ಮೋಲಿ, ಗೋಲ್ಡ್ ಫಿಶ್ ಆದ್ರೆ ಇಳಿಸೋ ಅಗತ್ಯಾನೇ ಇಲ್ಲ, ಅವು ಗಡಸು ನೀರಲ್ಲಿ ಚೆನ್ನಾಗೇ ಇರ್ತವೆ. ಡಿಸ್ಕಸ್, ಕಾರ್ಡಿನಲ್ ಟೆಟ್ರಾ ಇದ್ರೆ ಇಳಿಸ್ಬೇಕು.

ಪಿಎಚ್ ಡೌನ್ ಅಂತ ಸಿಗೋ ಲಿಕ್ವಿಡ್ ಈ ಹೊತ್ತಲ್ಲಿ ಮುಟ್ಲೇಬೇಡಿ. ಬೋರ್ ನೀರಲ್ಲಿ ಕೆಎಚ್ ಜಾಸ್ತಿ, ಆಸಿಡ್ ಹಾಕಿದಾಗ ಪಿಎಚ್ ಇಳಿಯುತ್ತೆ, ರಾತ್ರಿ ಕಳೆಯೋದ್ರೊಳಗೆ ವಾಪಸ್ ಏರುತ್ತೆ, ನೀವು ಮತ್ತೆ ಹಾಕ್ತೀರಿ. ಹೀಗೆ ದಿನಾ ಏರಿ ಇಳಿಯೋ ಪಿಎಚ್‌ಗಿಂತ 8.2ರಲ್ಲಿ ಸುಮ್ನೆ ನಿಂತಿರೋ ಪಿಎಚ್ ಎಷ್ಟೋ ವಾಸಿ.

ಪಿಎಚ್ ಕುಸಿದು 6ಕ್ಕಿಂತ ಕೆಳಗೆ ಹೋಗಿದ್ದು, ಕೆಎಚ್ ಸೊನ್ನೆ ಇದ್ರೆ ಅಡುಗೆ ಸೋಡಾ ಉಪಯೋಗಕ್ಕೆ ಬರುತ್ತೆ. 50 ಲೀಟರಿಗೆ ಕಾಲು ಟೀ ಚಮಚ ಹಾಕಿದ್ರೆ ಕೆಎಚ್ ಸುಮಾರು ಒಂದು ಡಿಗ್ರಿ ಏರುತ್ತೆ. ದಿನಕ್ಕೆ ಅಷ್ಟೇ, ಕರಗಿಸಿ ಹಾಕಿ. ಮೊದಲು ಅಮೋನಿಯಾ ಟೆಸ್ಟ್ ಮಾಡಿ, ಅದು ಸೊನ್ನೆಗೆ ಬರೋ ತನಕ ಸೋಡಾ ಬೇಡ, ಯಾಕೆ ಅಂತ ಮೇಲೆ ಹೇಳಿದೀನಿ. ಬೇಕಿಂಗ್ ಪೌಡರ್ ಬೇರೆ, ವಾಷಿಂಗ್ ಸೋಡಾ ಬೇರೆ, ಡಬ್ಬಿ ನೋಡಿ ತಗೊಳ್ಳಿ.

7. ಫಿಲ್ಟರ್ ಮುಟ್ಬೇಡಿ, ಮೂರನೇ ದಿನ ಹುಷಾರು

ಮೀನು ಚೇತರಿಸ್ಕೊಂಡಂಗೆ ಕಾಣುತ್ತೆ, ಮೂರ್ನಾಲ್ಕು ದಿನ ಬಿಟ್ಟು ಮತ್ತೆ ಸಾಯೋಕೆ ಶುರುವಾಗುತ್ತೆ. ಇದಕ್ಕೆ ಕಾರಣ ಕ್ಲೋರಿನ್ ಫಿಲ್ಟರಲ್ಲಿದ್ದ ಬ್ಯಾಕ್ಟೀರಿಯಾನೂ ಸಾಯಿಸಿರುತ್ತೆ, ಅಮೋನಿಯಾ ತಿನ್ನೋಕೆ ಯಾರೂ ಇರಲ್ಲ. ಇನ್ನು ಕೆಲವರು "ಎಲ್ಲಾ ಕ್ಲೀನ್ ಮಾಡ್ಬಿಡೋಣ" ಅಂತ ಸ್ಪಾಂಜನ್ನ ನಲ್ಲಿ ಕೆಳಗೆ ಬೆಳ್ಳಗೆ ಆಗೋ ತನಕ ತೊಳೀತಾರೆ, ಅಲ್ಲಿಗೆ ಉಳಿದಿದ್ದೂ ಹೋಯ್ತು. ಸ್ಪಾಂಜ್ ತೊಳೀಲೇಬೇಕು ಅಂದ್ರೆ ಟ್ಯಾಂಕಿಂದ ತೆಗೆದ ನೀರಲ್ಲಿ ಎರಡು ಸಲ ಹಿಂಡಿ ಸಾಕು.

ಮೊದಲ ವಾರ ದಿನಾ ಅಮೋನಿಯಾ, ನೈಟ್ರೈಟ್ ನೋಡಿ. ಅಮೋನಿಯಾ 0.5 ದಾಟಿದ್ರೆ 25 ಪರ್ಸೆಂಟ್ ನೀರು ಬದಲಾಯಿಸಿ, ಬೋರ್ ನೀರಿಂದ ಪಿಎಚ್ 8ರ ಆಸುಪಾಸು ಇರೋರು 0.25ಕ್ಕೇ ಬದಲಾಯಿಸಿ. ಸ್ನೇಹಿತರ ಮನೇಲಿ ಆರೋಗ್ಯವಾಗಿರೋ ಟ್ಯಾಂಕ್ ಇದ್ರೆ ಅವರ ಫಿಲ್ಟರಿಂದ ಒಂದು ತುಂಡು ಹಳೇ ಸ್ಪಾಂಜ್ ಕೇಳಿ ತಂದು ನಿಮ್ಮ ಫಿಲ್ಟರಲ್ಲಿ ಇಡಿ, ಒದ್ದೆಯಾಗೇ ತನ್ನಿ. ಬಾಟ್ಲಲ್ಲಿ ಬರೋ ಬ್ಯಾಕ್ಟೀರಿಯಾಗಿಂತ ಇದರ ಮೇಲೆ ನನಗೆ ಜಾಸ್ತಿ ನಂಬಿಕೆ.

8. ಊಟ ಮತ್ತೆ ರೋಗದ ಮೇಲೆ ಕಣ್ಣು

ಎರಡನೇ ದಿನ ಮೀನು ನಿಮ್ಮ ಕಡೆ ಬರ್ತಿದ್ರೆ ಒಂದು ಚಿಟಿಕೆ ಫುಡ್, ಒಂದು ನಿಮಿಷದಲ್ಲಿ ತಿಂದು ಮುಗಿಸೋಷ್ಟು. ತಿನ್ನದೇ ಇದ್ರೆ ಕೂಡ್ಲೇ ತೆಗೀರಿ. ವಾರ ಪೂರ್ತಿ ಎಂದಿನ ಅರ್ಧ ಸಾಕು, ಅಮೋನಿಯಾ ಬರೋದೇ ಅಲ್ಲಿಂದ.

ಶಾಕ್ ಆದ ಮೀನಿಗೆ ಎರಡು ವಾರ ರೋಗ ಬೇಗ ಹತ್ತುತ್ತೆ. ಉಪ್ಪಿನ ಕಾಳಿನಷ್ಟು ಬಿಳಿ ಚುಕ್ಕೆ ಮೈ ಮೇಲೆ ಕಂಡ್ರೆ ವೈಟ್ ಸ್ಪಾಟ್, ರೆಕ್ಕೆ ಅಂಚು ಹರಿದು ಬೆಳ್ಳಗಾಗ್ತಿದ್ರೆ ಫಿನ್ ರಾಟ್, ಬಾಯಿ ಸುತ್ತ ಹತ್ತಿಯಂಥದ್ದು ಬಂದ್ರೆ ಅದೂ ಸೋಂಕು. ಇದು ಕಂಡ್ಮೇಲೆ ಔಷಧಿ, ಮುಂಚೆ ಅಲ್ಲ. "ಇರ್ಲಿ ಅಂತ" ಹಾಕೋ ಮೆಥಿಲೀನ್ ಬ್ಲೂ ಫಿಲ್ಟರ್ ಬ್ಯಾಕ್ಟೀರಿಯಾಗೂ ತೊಂದ್ರೆ, ಆಂಟಿಬಯಾಟಿಕ್ಕೂ ಹಾಗೇ. ಸತ್ತ ಮೀನನ್ನ ಆಗಿಂದಾಗ್ಲೇ ತೆಗೀರಿ.

ಕೋಯಿ ಕೊಳ, ದೊಡ್ಡ ಸಾಕಣೆ ಇಟ್ಕೊಂಡಿದ್ದು ಕೈ ಮೀರಿ ಹೋಗ್ತಿದ್ರೆ ಅಂಗಡಿಯವರ ಮಾತಿನ ಮೇಲೇ ಇರ್ಬೇಡಿ. ಹೆಸರಘಟ್ಟದಲ್ಲಿ ಮೀನುಗಾರಿಕೆ ಸಂಶೋಧನೆ ಮತ್ತು ಮಾಹಿತಿ ಕೇಂದ್ರ ಇದೆ, ಮಂಗಳೂರಲ್ಲಿ 1969ರಲ್ಲಿ ಶುರುವಾದ ಮೀನುಗಾರಿಕೆ ಕಾಲೇಜ್ ಇದೆ, ನೀರಿನ ರೀಡಿಂಗ್ ಬರ್ಕೊಂಡು ವಿಚಾರಿಸಿ.

9. ಮುಂದಿನ ಸಲ ನೀರು ಬದಲಾಯಿಸೋವಾಗ

ಒಂದು 50 ಲೀಟರ್ ಡ್ರಮ್ ಇಟ್ಕೊಳ್ಳಿ. ಹಿಂದಿನ ದಿನಾನೇ ನೀರು ತುಂಬಿಸಿ, ಆಂಟಿ ಕ್ಲೋರಿನ್ ಹಾಕಿ, ಏರ್ ಸ್ಟೋನ್ ಬಿಟ್ಟು 24 ಗಂಟೆ ಇಡಿ. ಮಾರನೇ ದಿನ ಟಿಡಿಎಸ್, ಪಿಎಚ್, ಬಿಸಿ ಮೂರನ್ನೂ ಟ್ಯಾಂಕ್ ಜೊತೆ ಹೋಲಿಸಿ. ಟಿಡಿಎಸ್ ವ್ಯತ್ಯಾಸ ನೂರರೊಳಗೆ, ಪಿಎಚ್ ವ್ಯತ್ಯಾಸ ಅರ್ಧ ಅಂಕಿಯೊಳಗೆ ಇದ್ರೆ 25 ಪರ್ಸೆಂಟ್ ಧಾರಾಳವಾಗಿ ಹಾಕಿ. ಜಾಸ್ತಿ ಇದ್ರೆ 10 ಪರ್ಸೆಂಟ್, ಮೂರು ದಿನ ಬಿಟ್ಟು ಮತ್ತೆ 10.

ಟ್ಯಾಂಕರ್ ಬಂದ ದಿನ, ಸಂಪ್ ಕ್ಲೀನಿಂಗ್ ಅಂತ ಅಪಾರ್ಟ್‌ಮೆಂಟ್ ವಾಟ್ಸಾಪ್ ಗ್ರೂಪಲ್ಲಿ ಮೆಸೇಜ್ ಬಂದ ದಿನ ನೀರು ಬದಲಾಯಿಸೋ ಪ್ಲಾನ್ ಇದ್ರೆ ಮುಂದಕ್ಕೆ ಹಾಕಿ, ವಾರ ತಡ ಆದ್ರೆ ಮೀನು ಸಾಯಲ್ಲ. ಸೆಕ್ಯೂರಿಟಿ ಅಣ್ಣಂಗೋ ಪ್ಲಂಬರಿಗೋ ಒಂದು ಮಾತು ಹೇಳಿಟ್ಟಿರಿ, ಯಾವತ್ತು ಯಾವ ನೀರು ಸಂಪಿಗೆ ಬಿಟ್ರು ಅನ್ನೋದು ಅವರಿಗೆ ಸರಿಯಾಗಿ ಗೊತ್ತಿರುತ್ತೆ. ನಲ್ಲಿ ನೀರಿನ ಟಿಡಿಎಸ್ ವಾರಕ್ಕೊಂದು ಸಲ ನೋಡಿ ಟ್ಯಾಂಕ್ ಪಕ್ಕ ಅಂಟಿಸಿರೋ ಆ ಚೀಟಿಯಲ್ಲೇ ಬರೀರಿ. ಮತ್ತೆ ಏನಾದ್ರೂ ಆಗಿ ಸಹಾಯ ಕೇಳೋವಾಗ ಆ ಚೀಟಿ ಫೋಟೋ, ಟ್ಯಾಂಕ್ ಎಷ್ಟು ಲೀಟರ್, ಯಾವ್ಯಾವ ಮೀನು, ಕೊನೇ ಸಲ ಎಷ್ಟು ನೀರು ಬದಲಾಯಿಸಿದ್ರಿ ಇಷ್ಟನ್ನ ಮೊದಲೇ ಹೇಳಿದ್ರೆ ಉತ್ತರ ಕೊಡೋರಿಗೂ ಊಹೆ ಮಾಡ್ತಾ ಕೂರೋ ಕಷ್ಟ ಇರಲ್ಲ.